ಎರೆಸೀಮೆಯ ಊರೊಂದಕ್ಕೆ ಕೆರೆಯ ಜಾಗ ನೋಡಲು ಹೋದದ್ದು

ಕೆಲಗೇರಿಯಿಂದ ಹೊರಟಾಗ ಕೆರೆಯ ಮೇಲೆ ಇನ್ನೂ ಮಬ್ಬು ಇತ್ತು. ಗೋಣಿತಟ್ಟಿನಲ್ಲಿ ಸುತ್ತಿದ ಬೈರಿಗೆ ಹೆಗಲ ಮೇಲೆ, ಬಟ್ಟೆಯ ಚೀಲ ಕೈಯಲ್ಲಿ. ಮನೆಗೆ ಕೀಲಿ ಹಾಕಿ ಅದನ್ನು ಕಿಸೆಯಲ್ಲಿಟ್ಟುಕೊಂಡೆ. ಮೊದಲೆಲ್ಲ ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತಿದ್ದೆ. ಈಗ ನಾನಿಲ್ಲದಾಗ ನನ್ನ ಮನೆಯೊಳಗೆ ಯಾರಿಗೂ ಕೆಲಸವಿಲ್ಲ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಸೇತುವೆಯಾಗಲಿ, ಕೆರೆಯಾಗಲಿ ಕಟ್ಟುವ ಮೊದಲು ನೆಲದೊಳಗೆ ಏನಿದೆ ಎಂದು ನೋಡಬೇಕಾಗುತ್ತದೆ. ಇಂಜಿನಿಯರ್ ಸಾಹೇಬರು ನಕ್ಷೆಯ ಮೇಲೆ ಗುರುತು ಹಾಕಿ ಕೊಡುತ್ತಾರೆ. ನಾನು ಅಲ್ಲಿಗೆ ಹೋಗಿ ಕೈಬೈರಿಗೆಯಿಂದ ಕುಳಿ ಕೊರೆದು, ಮಣ್ಣು ತೆಗೆದು, ಕುಳಿಗೆ ನೀರು ತುಂಬಿಸಿ ನಿಲ್ಲುತ್ತದೋ ಇಲ್ಲವೋ ನೋಡಿ ಬರುತ್ತೇನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೂ ನಾನು ನೋಡಿ ಬಂದ ನೆಲವನ್ನು ಇನ್ನೊಬ್ಬರು ಹೋಗಿ ಮತ್ತೆ ನೋಡಿದ ಪ್ರಸಂಗ ಇದುವರೆಗೆ ಬಂದಿಲ್ಲ. ಇದನ್ನು ಜಂಬವೆಂದು ಯಾರಾದರೂ ತಿಳಿದರೆ ತಿಳಿಯಲಿ.

ಈ ಸಲ ಹೋಗಬೇಕಾಗಿದ್ದದ್ದು ಹುಬ್ಬಳ್ಳಿಯ ಆಚೆ, ಕಪ್ಪು ಮಣ್ಣಿನ ಎರೆಸೀಮೆಯ ಒಂದು ಸಣ್ಣ ಊರಿಗೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಮುಂದೆ ಓದಿದರೆ ಯಾಕೆಂದು ತಿಳಿಯುತ್ತದೆ. ಅಲ್ಲಿ ನೆಲದೊಳಗಿನ ನೀರೆಲ್ಲ ಸವುಳು, ಉಪ್ಪುಪ್ಪು. ಬೋರ್ ಹೊಡೆದರೆ ಬಟ್ಟೆ ತೊಳೆಯಲೂ ಬಾರದ ನೀರು ಬರುತ್ತದೆ. ಕುಡಿಯಲು ಮಳೆಯ ನೀರು ನಿಲ್ಲುವ ಹಳೆಯ ಕೆರೆಯೊಂದೇ ಗತಿ. ಬೇಸಿಗೆಯ ನಡುವೆ ಅದೂ ತಳ ಕಾಣುತ್ತದೆ. ಕಾಲುವೆಗೆ ನೀರು ಬಿಟ್ಟಾಗ ತುಂಬಿಸಿಟ್ಟುಕೊಳ್ಳಲು ದೊಡ್ಡದೊಂದು ಕೆರೆ ತೋಡಬೇಕೆಂದು ಆ ಊರವರು ಬಹಳ ಕಾಲದಿಂದ ಓಡಾಡುತ್ತಿದ್ದರು. ಮೊದಲು ನೋಡಿದ ಒಂದು ಜಾಗಕ್ಕೆ ಕಾಲುವೆಯ ನೀರು ಏರಲಿಲ್ಲ, ಇನ್ನೊಂದರ ಮಾಲಕರು ಕೋರ್ಟಿಗೆ ಹೋದರು. ಉಳಿದದ್ದು ಹಳೆಯ ಕೆರೆಯ ಬದಿಯ ಸರಕಾರಿ ಗಾಯರಾಣ, ದನ ಮೇಯಲು ಬಿಟ್ಟ ನೆಲ. "ಇದ ಕಡೀ ಜಾಗಾ," ಎಂದಿದ್ದರು ಸಾಹೇಬರು. "ಇಲ್ಲಿ ನೀರ ಹಿಡೀತೋ, ಊರಿಗಿ ಕೆರಿ. ಇಲ್ಲಂದ್ರ ಫೈಲ್ ಮುಚ್ಚಿ ಇಡೂದ."

ಹುಬ್ಬಳ್ಳಿಗೆ ಓಡುವ ಹವಾನಿಯಂತ್ರಿತ ಚಿಗರಿ ಬಸ್ಸಿನ ನಡುವೆ ಬೈರಿಗೆ ಹಿಡಿದು ನಿಲ್ಲುವುದು ಕಷ್ಟವೆಂದು ಧಾರವಾಡದಿಂದ ಸಾದಾ ಬಸ್ಸನ್ನೇ ಹತ್ತಿದೆ. ಸತ್ತೂರ ಬಂದಾಗ ನಾನು ಯಾವಾಗಲೂ ಆಸ್ಪತ್ರೆ ಕಾಣದ ಬದಿಗೆ ಮುಖ ತಿರುಗಿಸುತ್ತೇನೆ. ನನ್ನ ಹೆಂಡತಿ ಕೊನೆಯ ದಿನಗಳನ್ನು ಅಲ್ಲಿ ಕಳೆದಳು. ಅವರು ಚೆನ್ನಾಗಿಯೇ ನೋಡಿಕೊಂಡರು, ಅವಳ ಆಯುಷ್ಯ ಅಷ್ಟೇ ಇತ್ತು. ಆ ಬದಿಗೆ ಮಾತ್ರ ನೋಡಲಾಗುವುದಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದು ಗಿರ್ಮಿಟ್ ತಿಂದು, ಚಹಾ ಕುಡಿದು, ಎರಡನೆಯ ಬಸ್ಸು ಹಿಡಿದೆ. ತುಂಬ ಹೆಣ್ಣುಮಕ್ಕಳೇ ಇದ್ದರು. ದುಡ್ಡು ಕೊಟ್ಟು ಟಿಕೆಟ್ ತೆಗೆಸಿದವರು ನಾವು ಕೆಲವೇ ಗಂಡಸರು. ಕಂಡಕ್ಟರ್ ನನ್ನ ಗೋಣಿತಟ್ಟನ್ನು ಬೆರಳಿನಿಂದ ತಟ್ಟಿ ನೋಡಿದ.

"ಏನ್ರಿ ಯಜಮಾನ್ರ ಇದು, ತೋಪ?"

"ನೆಲಕ್ಕ ಇಂಜೆಕ್ಷನ್ ಮಾಡೂದ್ರಿ."

"ಹಂಗಾರ ಡಾಕ್ಟರ್ ಅನ್ರಿ! ಡಾಕ್ಟರಿಗಿ ಲಗೇಜ್ ಬಿಡೂದಿಲ್ಲ ನೋಡ್ರಿ ನಾವು," ಎಂದು ಲಗೇಜಿನ ಟಿಕೆಟನ್ನೂ ಹರಿದು ಕೊಟ್ಟ. ಸುತ್ತಲಿನವರು ನಕ್ಕರು. ನಾನೂ ನಕ್ಕೆ.

ಸುಳ್ಳ ಎಂಬ ಊರಿನ ಕಡೆಗೆ ಹೋಗುವವರು ಇಳಿದ ಮೇಲೆ ಬಸ್ಸು ಖಾಲಿಯಾಯಿತು. ಕಡಲೆ ಕಿತ್ತು ಮುಗಿದಿತ್ತು. ಎರಡೂ ಬದಿಗೆ ಕಪ್ಪು ಹೊಲ, ಕಾಲು ಸಿಕ್ಕಿಬೀಳುವಷ್ಟು ಅಗಲದ ಬಿರುಕುಗಳು. ಕಣ್ಣು ಹಾಯುವವರೆಗೂ ಒಂದು ಗಿಡವಿರಲಿಲ್ಲ. ಅಂಥ ಬಯಲಿನಲ್ಲಿ ಬಸ್ಸು ಓಡುತ್ತಿದ್ದರೂ ನಿಂತ ಹಾಗೇ ಅನಿಸುತ್ತದೆ.

ಊರು ಮುಟ್ಟಿದಾಗ ಬಿಸಿಲು ಏರಿತ್ತು. ಬಸ್ ಸ್ಟ್ಯಾಂಡಿನ ಎದುರಿಗೆ ಮಾಳಿಗೆಯ ಮೇಲೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗೆ ನೀಲವ್ವ ಎಂಬ ಹೆಣ್ಣುಮಗಳ ಖಾನಾವಳಿ. ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಮಜ್ಜಿಗೆ. ಊಟ ಬೇಕಾದಷ್ಟು, ನೀರು ಮಾತ್ರ ಆಳಿಗೆ ಒಂದೇ ತಂಬಿಗೆ. ನಾನು ಇನ್ನೊಂದು ಕೇಳಿದಾಗ ಆಕೆ ನನ್ನ ಮುಖ ನೋಡಿದಳು.

"ಯಾವೂರವ್ರ್ರಿ ಅಣ್ಣಾರ?"

"ಕೆಲಗೇರಿ. ನಿಮ್ಮೂರಿನ ಕೆರಿ ಜಾಗಾ ನೋಡಾಕ ಬಂದೇನಿ."

ಆಕೆಯ ಕೈ ರೊಟ್ಟಿಯ ಮೇಲೆ ನಿಂತಿತು. ಮರುಕ್ಷಣ ಒಳಗೆ ಹೋಗಿ ತುಂಬಿದ ತಂಬಿಗೆ ತಂದಿಟ್ಟಳು. "ಕುಡೀರಿ, ಎಷ್ಟ ಬೇಕಾದ್ರೂ ಕುಡೀರಿ. ಮೊದಲ ಹೇಳಬಾರದೇನ್ರಿ?"

ಬಿಸಿಲು ಇಳಿದ ಮೇಲೆ ಬೈರಿಗೆ ಹೊತ್ತು ಕೆರೆಯ ಕಡೆ ಹೋದೆ. ಏರಿ ಹತ್ತಲು ಎರಡು ಹೆಜ್ಜೆ ಇಟ್ಟಿರಲಿಲ್ಲ, ಮೇಲಿನಿಂದ ಕೂಗು ಬಂತು.

"ಏ! ಕಾಲಾಗಿಂದು ಬಿಡ್ರಿ! ಕಣ್ಣ ಕಾಣಂಗಿಲ್ಲೇನು?"

ಕೋಲು ಹಿಡಿದ ಮುದುಕ. ಕೆರೆ ಕಾಯುವವನು, ಹೆಸರು ಈರಪ್ಪ, ಊರಿಗೆಲ್ಲ ಈರಪ್ಪಜ್ಜ. ಆ ಕೆರೆಯ ಏರಿಯ ಮೇಲೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ. ನೀರಿನಲ್ಲಿ ಕೈ ಅದ್ದುವಂತಿಲ್ಲ, ಕೊಡದ ಬುಡವನ್ನು ಹೊರಗೆ ಒರೆಸಿಯೇ ಮುಳುಗಿಸಬೇಕು. ಇದೆಲ್ಲ ನನಗೂ ಗೊತ್ತಿದ್ದದ್ದೇ, ಬೈರಿಗೆಯ ಭಾರದಲ್ಲಿ ಮರೆತಿದ್ದೆ. ಆದರೆ ಹತ್ತು ಜನ ಹೆಂಗಸರ ಮುಂದೆ ಬೈಸಿಕೊಂಡಿದ್ದಕ್ಕೆ ಸಿಟ್ಟು ಬಂತು.

"ನಾನೂ ಕೆಲಗೇರಿ ಕೆರಿ ದಂಡಿ ಮ್ಯಾಲ ಹುಟ್ಟಿದಾವನ, ಅಜ್ಜಾ. ಸಾವಕಾಶ ಹೇಳಿದ್ರ ಕೇಳತೈತಿ."

"ಹುಟ್ಟಿರಬಹುದು. ನಿಮ್ಮ ಕೆರ್‍ಯಾಗ ಎಮ್ಮಿ ಈಜತಾವಂತ, ಕೇಳೇನಿ!"

ಹೆಂಗಸರು ನಕ್ಕರು. ಮೆಟ್ಟು ಬಿಟ್ಟು ಮೇಲೆ ಹೋದೆ. ಬಂದ ಕೆಲಸ ಹೇಳಿದೆ. ಮುದುಕ ಕೋಲನ್ನು ಬದಿಗಿಟ್ಟ. ಆಮೇಲೆ ತಂಬಿಗೆ ತಂದು, ನನ್ನ ಬೊಗಸೆಗೆ ಮೇಲಿನಿಂದ ನೀರು ಸುರಿದ. ಎರೆಯ ನೀರು, ತುಸು ಮಸಕು, ಆದರೆ ಅಂಥ ಸಿಹಿನೀರನ್ನು ನಾನು ಕುಡಿದಿರಲಿಲ್ಲ. ಕೆರೆ ಆಗಲೇ ಮುಕ್ಕಾಲು ಬತ್ತಿತ್ತು. ಮೆಟ್ಟಿಲುಗಳ ಮೇಲೆ ಹಳೆಯ ನೀರಿನ ಗೆರೆಗಳು ಒಂದರ ಕೆಳಗೊಂದು ಕಾಣುತ್ತಿದ್ದವು.

"ಹೊಸಾ ಕೆರಿ ಆತಂದ್ರ ನಾ ಎರಡೂ ಕಾಯ್ತೇನಿ," ಎಂದ ಈರಪ್ಪಜ್ಜ. "ಪಗಾರ ಒಂದ ಕೊಡ್ಲಿ."

ಮರುದಿನ ಬೆಳಿಗ್ಗೆ ಗಾಯರಾಣದಲ್ಲಿ ಅಲ್ಲಲ್ಲಿ ಕೊರೆಯುವ ಕೆಲಸ ಹಿಡಿದೆ. ಸಹಾಯಕ್ಕೆ ಇಬ್ಬರು ಬಂದರು, ನಾನು ಬೇಡವೆಂದೆ. ಬೈರಿಗೆ ತಿರುಗಿಸುವಾಗ ನೆಲದ ಗುಣ ಕೈಗೆ ತಿಳಿಯುತ್ತದೆ, ಕೈ ಬದಲಾದರೆ ಅದು ತಪ್ಪುತ್ತದೆ. ಮೇಲೆ ಒಳ್ಳೆಯ ಎರೆಮಣ್ಣು, ಬೆಣ್ಣೆಯ ಹಾಗೆ ಸುರುಳಿಯಾಗಿ ಬಂತು. ಅದರ ಕೆಳಗೆ ಸುಣ್ಣದ ಹರಳು. ಅದರ ಕೆಳಗೆ ಗರಸು. ಗರಸು ಅಂದರೆ ಕೈಯಲ್ಲಿ ಹಿಡಿದರೆ ಉದುರುವ ಹಳದಿ ಹರಳುಮಣ್ಣು. ಬೈರಿಗೆ ಕರಕರ ಎಂದಾಗಲೇ ನನಗೆ ಅನುಮಾನ ಬಂತು. ಗರಸಿನಲ್ಲಿ ಸಂದುಗಳಿರುತ್ತವೆ, ನೀರು ಸೋರಿಹೋಗುತ್ತದೆ. ಆದರೂ ಎಷ್ಟೋ ಕಡೆ ಆ ಸಂದುಗಳಲ್ಲಿ ಎರೆ ಇಳಿದು ಗಟ್ಟಿಯಾಗಿರುವುದುಂಟು. ನೀರು ಹಾಕಿಯೇ ನೋಡಬೇಕು.

ನೀರು ತಂದವನು ಮಾಬುಸಾಬ, ಬೋರಿನ ಪಂಪು ದುರಸ್ತಿ ಮಾಡುವವನು. ಅವನದೊಂದು ಟ್ಯಾಂಕರು. ಕೆರೆಯ ನೀರನ್ನು ಪರೀಕ್ಷೆಗೆ ಕೇಳಲು ನನಗೇ ಮನಸ್ಸಾಗದೆ ಬೋರಿನ ಸವುಳು ನೀರನ್ನೇ ತರಿಸಿದ್ದೆ. ಮಾಬುಸಾಬ ಪೈಪು ಬಿಡುತ್ತ ಹೇಳಿದ, "ಕಾಕಾ, ನಮ್ಮ ಬೋರಿನ ನೀರಿಗಿ ಇಷ್ಟ ಮರ್ಯಾದಿ ಯಾರೂ ಕೊಟ್ಟಿರಲಿಲ್ಲ ಬಿಡ್ರಿ. ದನಾ ಸೈತ ಮೂಸಿ ನೋಡಿ ಹೊಳ್ಳಿ ಹೋಗತಾವ."

ಅಂದು ಸಂಜೆಯವರೆಗೆ ನಡುವಿನ ಒಂದು ಕುಳಿಗೆ ನೀರು ಕುಡಿಸಿದೆ. ನೆಲ ಮೊದಲು ತೊಯ್ಯಬೇಕು, ಆಮೇಲೆ ಅಳತೆ. ಮರುದಿನ ಬೆಳಿಗ್ಗೆ ಕುಳಿಯೊಳಗೆ ಅಳತೆಯ ಪೈಪು ಇಳಿಸಿ, ಅದರ ಗುರುತಿನವರೆಗೆ ನೀರು ತುಂಬಿಸಿದೆ. ಕಾಲುವೆಯಿಂದ ನೀರು ತರುವ ದಾರಿ ನೋಡಿ ಬರಲು ಸಾಹೇಬರು ಹೇಳಿದ್ದರು. ಕುಳಿಯ ಹತ್ತಿರ ದನ ಬರದಂತೆ ಸುತ್ತಲೂ ಜಾಲಿಮುಳ್ಳು ಇಟ್ಟು ಹೊರಟೆ. ಇಡೀ ಹಗಲು ಆ ಬಯಲಿನಲ್ಲಿ ಒಬ್ಬನೇ ನಡೆದೆ. ಬುತ್ತಿಯನ್ನು ಕಾಲುವೆಯ ಸೇತುವೆಯ ಕೆಳಗೆ ಕುಳಿತು ತಿಂದೆ. ಮಾತಾಡಲು ಒಂದು ಕುರಿ ಕಾಯುವವನೂ ಸಿಗಲಿಲ್ಲ.

ಹೊತ್ತು ಮುಳುಗುವ ಮುಂದೆ ಬಂದು ಕುಳಿ ನೋಡಿದೆ. ನೀರು ಗುರುತಿನಲ್ಲೇ ಇತ್ತು.

ಮತ್ತೊಮ್ಮೆ ನೋಡಿದೆ. ಗುರುತಿನಲ್ಲೇ ಇತ್ತು! ಎರೆ ಇಳಿದು ಸಂದುಗಳೆಲ್ಲ ಮುಚ್ಚಿವೆ ಅಂದುಕೊಂಡೆ. ಅಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿದೆ. "ಹಿಡಿದೈತ್ರಿ ಸರ್." "ಛಲೋ ಆತು, ನಾಳೆ ಮುಂಜಾನಿ ಒಮ್ಮಿ ನೋಡಿಕೊಂಡು ಬಂದ್ಬಿಡ್ರಿ," ಎಂದರು.

ನಾನು ಯಾರಿಗೂ ಹೇಳದೆಯೇ ಊರಿಗೆ ಸುದ್ದಿ ಮುಟ್ಟಿತ್ತು. ಖಾನಾವಳಿಯ ಕಟ್ಟೆಯ ಮೇಲೆ ಜನ ಕೂಡಿದ್ದರು. ನೀಲವ್ವ ಶ್ಯಾವಿಗೆ ಪಾಯಸ ಮಾಡಿದ್ದಳು. ಮಾಬುಸಾಬ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. "ಇನ್ನ ನನ್ನ ಟ್ಯಾಂಕರ್ ಮಾರಬೇಕಾತು ನೋಡ್ರಿ ಕಾಕಾ. ಯಾರರ ಇದ್ರ ಹೇಳ್ರಿ, ಮದವಿ ಮೆರವಣಿಗಿಗಿ ಬಾಡಗಿ ಕೊಡ್ತೇನಿ." ಎಲ್ಲರೂ ನನ್ನ ಹತ್ತಿರ ಕುಳಿತು ಕೆಲಗೇರಿಯ ಬಗ್ಗೆ, ನನ್ನ ಮನೆಯ ಬಗ್ಗೆ ಕೇಳಿದರು. ಮನೆಯಲ್ಲಿ ಯಾರೂ ಇಲ್ಲವೆಂದಾಗ ನೀಲವ್ವ, "ಹಂಗಾರ ಕೆರಿ ಕೆಲಸ ಮುಗಿಯೂತನಕ ಇಲ್ಲೇ ಇರ್‍ರಿ ಅಣ್ಣಾರ, ಹೊಟ್ಟಿ ನಾ ನೋಡತೇನಿ," ಎಂದಳು. ಬಹಳ ವರ್ಷಗಳ ಮೇಲೆ ಹತ್ತು ಜನರ ನಡುವೆ ಕುಳಿತು ಉಂಡೆ. ಈರಪ್ಪಜ್ಜ ಮಾತ್ರ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ. ಅವನ ಸ್ವಭಾವವೇ ಹಾಗೆ ಎಂದುಕೊಂಡೆ.

ಬೆಳಗಾದ ಮೇಲೆ ಚೀಲ ಕಟ್ಟಿಟ್ಟು ಕೊನೆಯ ಸಲ ನೋಡಲು ಹೋದೆ. ನೀರು ಗುರುತಿಗಿಂತ ಒಂದು ಉಗುರು ಮೇಲಿತ್ತು.

ನೀರು ಇಳಿಯದಿರಬಹುದು. ತಾನಾಗಿ ಏರುವುದು ಹೇಗೆ? ಮಳೆ ಬಿದ್ದಿಲ್ಲ. ಕುಳಿಯ ಬದಿಯ ನೆಲದಲ್ಲಿ ಕೊಡ ಇಟ್ಟ ದುಂಡು ಗುರುತುಗಳಿದ್ದವು. ಬರಿಗಾಲಿನ ಹೆಜ್ಜೆಗಳಿದ್ದವು. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡೆ. ನಾನು ತುಂಬಿಸಿದ್ದು ಸವುಳು ನೀರು. ಕುಳಿಯಲ್ಲಿದ್ದದ್ದು ಸಿಹಿನೀರು.

ಅಲ್ಲೇ ಕುಕ್ಕರಿಸಿ ಕುಳಿತೆ. ಒಮ್ಮೆ ಮನಸ್ಸಿಗೆ ಬಂತು, ನಾನು ನೋಡಿಲ್ಲ ಅಂದುಕೊಂಡರೆ ಆಯಿತಲ್ಲ. ಬಸ್ಸಿಗೆ ಹೊತ್ತಾಗಿದೆ. ಸಾಹೇಬರಿಗೆ ಹೇಳಿಯಾಗಿದೆ. ಆದರೆ ಗರಸಿನ ಮೇಲೆ ತೋಡಿದ ಹೊಂಡವನ್ನು ಬೇರೊಂದು ಕಡೆ ನೋಡಿದ್ದೇನೆ. ತುಂಬಿಸಿದ ನೀರು ತಿಂಗಳೊಪ್ಪತ್ತಿನಲ್ಲಿ ಸೋರಿಹೋಗಿ, ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಈ ಊರಿಗೆ ಹಾಗಾದರೆ ಮತ್ತೊಂದು ಕೆರೆಯನ್ನು ಯಾರೂ ಮಂಜೂರು ಮಾಡುವುದಿಲ್ಲ.

ಈರಪ್ಪಜ್ಜ ಬಂದ. ಹಿಂದೆಯೇ ನೀಲವ್ವ, ಕೊಡಗಳ ತಳ್ಳುಗಾಡಿ ದೂಡುತ್ತ.

"ಈ ಕುಳಿಗಿ ನೀರ ಹಾಕಿದವ್ರ್ಯಾರು, ಅಜ್ಜಾ?"

"ನಾನ ಹಾಕೇನಿ," ಎಂದ, ತಡವರಿಸದೆ. "ಕಳವಿಲೆ ಹಾಕಿಲ್ಲ. ನಿನ್ನಿ ಹಗಲಾಗ ಹಾಕೇನಿ, ಇವತ್ತ ಮುಂಜಾನೆದ್ದೂ ಹಾಕೇನಿ. ನೀ ಇರಲಿಲ್ಲ."

"ನಂದೂ ಎರಡ ಕೊಡ ಅದಾವ್ರಿ ಅದರಾಗ," ಎಂದಳು ನೀಲವ್ವ, ನೆಲ ನೋಡುತ್ತ.

"ಯಾಕ ಹಾಕಿದ್ರಿ? ಅಳತಿ ಹಾಳಾತಲ್ಲ!"

ಮುದುಕನಿಗೆ ಸಿಟ್ಟು ಬಂತು. "ಅಳತಿ ಅಂತ ಅಳತಿ! ಹೊಸಾ ಗಡಗಿ ಮೊದಲ ನೀರ ಕುಡಿಯೂದಿಲ್ಲೇನೋ ತಮ್ಮಾ? ಹಾಕಿಕೋತ ಹೋಗಬೇಕು. ಹೊಟ್ಟಿ ತುಂಬಿದ ಮ್ಯಾಲೆ ಹಿಡಿತೈತಿ. ನೀ ಅದಕ್ಕ ಸವುಳ ನೀರ ಕುಡಸಾಕತ್ತಿದ್ದಿ. ನಮಗ ಸೇರದ್ದು ಅದಕ್ಕ ಹೆಂಗ ಸೇರೀತು? ಕೆರಿ ಆಗೂ ನೆಲಕ್ಕ ಮೊದಲನೇ ನೀರ ಸವುಳ ಹಾಕತಾರೇನು?"

ಇಡೀ ಊರಿಗೆ ಕೊಡಕ್ಕೆ ಕೊಡ ಎಣಿಸಿ ಬಿಡುವ ಮನುಷ್ಯ, ಮುಕ್ಕಾಲು ಬತ್ತಿದ ಕೆರೆಯಿಂದ ತಾನೇ ಹೊತ್ತು ತಂದು ಕುಳಿಗೆ ಸುರಿದಿದ್ದ. ಮೋಸ ಮಾಡುವವನಾಗಿದ್ದರೆ ಸವುಳು ನೀರನ್ನೇ ಸುರಿಯುತ್ತಿದ್ದ, ನನಗೆ ಗೊತ್ತೂ ಆಗುತ್ತಿರಲಿಲ್ಲ.

"ಅಜ್ಜಾ, ಗಡಗಿಗಿ ತಳಾ ಇರತೈತಿ," ಎಂದೆ. "ಇದಕ್ಕ ಐತೋ ಇಲ್ಲೋ ಅನ್ನೂದ ನಾ ನೋಡಾಕ ಬಂದದ್ದು."

"ಹಂಗಾರ ನನ್ನ ಮುಂದ ನೋಡು. ಸಿಹಿನೀರಿಲೆ ನೋಡು."

ಒಪ್ಪಿದೆ. ನೀಲವ್ವ ತನ್ನ ಗಾಡಿಯಿಂದ ಕೊಡ ಇಳಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಕುಳಿಗೆ ಸುರಿದಳು. ಗುರುತಿಗೆ ಬಂದ ಮೇಲೆ ನಿಲ್ಲಿಸಲು ಹೇಳಿದೆ. ನಾನೂ ಈರಪ್ಪಜ್ಜನೂ ಕುಳಿಯ ಎರಡು ಬದಿಗೆ ಕುಳಿತೆವು. ಬಿಸಿಲು ಏರಿತು. ಮಾಬುಸಾಬ ಬಂದು ಟ್ಯಾಂಕರಿನ ತಾಡಪತ್ರಿಯನ್ನು ನಾಲ್ಕು ಕೋಲಿಗೆ ಕಟ್ಟಿ ನೆರಳು ಮಾಡಿದ. ನೀರಿಗೆ ಹೋಗುವ ಹೆಂಗಸರು ಬಂದು, ಬಗ್ಗಿ ನೋಡಿ ಹೋಗುತ್ತಿದ್ದರು.

ನೀರು ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ. ನೋಡುತ್ತಿದ್ದರೆ ನಿಂತಿರುತ್ತದೆ. ಬೇರೆ ಕಡೆ ನೋಡಿ ತಿರುಗಿದರೆ ಇಳಿದಿರುತ್ತದೆ. ಮೊದಲು ಒಂದು ಬೆರಳು, ಆಮೇಲೆ ನಾಲ್ಕು ಬೆರಳು, ಮಧ್ಯಾಹ್ನಕ್ಕೆ ಒಂದು ಗೇಣು. ಈರಪ್ಪಜ್ಜನ ಕೈ ಒಮ್ಮೆ ಬದಿಯಲ್ಲಿದ್ದ ಕೊಡದ ಕಡೆ ಹೋಯಿತು. ನಾನು ನೋಡಿದೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ. ಹೊತ್ತು ವಾಲಿದಾಗ ಪೈಪಿನೊಳಗೆ ನೀರು ಕಾಣದಷ್ಟು ಕೆಳಗೆ ಹೋಗಿತ್ತು.

"ಎಲ್ಲಿ ಹೋಗತೈತೋ ಅದು?" ಎಂದ ಮುದುಕ.

"ಗರಸಿನಾಗ ಹಾಯ್ದು, ಕೆಳಗಿಳದು, ಸವುಳ ನೀರಿಗಿ ಕೂಡತೈತಿ ಅಜ್ಜಾ."

ಅವನು ಎದ್ದು ಸ್ವಲ್ಪ ದೂರ ನಡೆದು ಕೋಲಿನಿಂದ ನೆಲ ಕುಟ್ಟಿದ. "ಇಲ್ಲೊಂದ ಕೊರಿ."

ಆ ಗಾಯರಾಣದಲ್ಲಿ ನಾನು ಅಲ್ಲಲ್ಲಿ ಕೊರೆದು ಎಲ್ಲ ಕಡೆಯೂ ಗರಸನ್ನು ಕಂಡಿದ್ದೆ. ಇಲ್ಲೂ ಅದೇ ಇರುತ್ತದೆಂದು ಗೊತ್ತಿತ್ತು. ಆದರೂ ಕೊರೆದೆ. ಮೊದಲ ಸಲ ಬೈರಿಗೆಯ ಹಿಡಿಯ ಇನ್ನೊಂದು ತುದಿಯನ್ನು ಬೇರೆಯವರಿಗೆ ಕೊಟ್ಟೆ. ಮಾಬುಸಾಬ ಹಿಡಿದ. ಎರೆ ಬಂತು, ಹರಳು ಬಂತು, ಕರಕರ ಸದ್ದು ಬಂತು. ಈರಪ್ಪಜ್ಜ ಹಳದಿ ಗರಸನ್ನು ಅಂಗೈಯಲ್ಲಿ ಹಾಕಿಕೊಂಡು ಉಂಡೆ ಮಾಡಲು ನೋಡಿದ. ಅದು ಬೆರಳುಗಳ ಸಂದಿನಿಂದ ಉದುರಿತು. ಮತ್ತೆ ಹಿಡಿದ, ಮತ್ತೆ ಉದುರಿತು.

ಸಾಹೇಬರಿಗೆ ಫೋನ್ ಮಾಡಿ ನಿನ್ನೆಯ ಮಾತು ಹಿಂತೆಗೆದುಕೊಂಡೆ. "ತಳಕ್ಕೆಲ್ಲ ಪ್ಲಾಸ್ಟಿಕ್ ಹಾಳಿ ಹಾಸಬೇಕಾಗತೈತಿ. ಖರ್ಚ ನೋಡಿದ್ರ ಮ್ಯಾಲಿನವರು ಒಪ್ಪೂದು ಕಷ್ಟ. ಕೇಳಿ ನೋಡತೇನಿ," ಎಂದರು. "ಖರೇ ಹೇಳಿದ್ದು ಛಲೋ ಆತು," ಎಂದೂ ಸೇರಿಸಿದರು. ನನಗೆ ಛಲೋ ಅನಿಸಲಿಲ್ಲ.

ಅಂದು ಸಂಜೆ ಖಾನಾವಳಿಯ ಕಟ್ಟೆ ಖಾಲಿಯಾಗಿತ್ತು. ಯಾರೂ ನನಗೆ ಒಂದು ಕೆಟ್ಟ ಮಾತಾಡಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ನೀಲವ್ವ ಎಂದಿನ ಹಾಗೆಯೇ ಬಿಸಿ ರೊಟ್ಟಿ ಬಡಿಸಿ, ಮೇಲೆ ಬೆಣ್ಣೆ ಇಟ್ಟಳು. ನಾನೇ ಹೇಳಿದೆ, "ತಂಗೀ, ನಾ ಬೇಕಂತ..." "ಉಣ್ಣಿರಿ ಅಣ್ಣಾರ, ಆರತೈತಿ," ಎಂದು ಒಳಗೆ ಹೋದಳು. ಒಂದು ತಂಬಿಗೆ ನೀರಿನಲ್ಲಿ ಊಟ ಮುಗಿಸಿದೆ.

ಮರುದಿನ ಬೆಳಿಗ್ಗೆ ಕೊರೆದ ಕುಳಿಗಳನ್ನೆಲ್ಲ ದನದ ಕಾಲು ಸಿಕ್ಕಬಾರದೆಂದು ಎರೆಮಣ್ಣಿನಿಂದ ಮುಚ್ಚಿದೆ. ಈರಪ್ಪಜ್ಜನನ್ನು ಮಾತಾಡಿಸಿ ಹೋಗಬೇಕೆಂದು ಕೆರೆಯ ಹತ್ತಿರ ನಿಂತೆ. ಏರಿಯ ಮೇಲೆ ಅವನಿರಲಿಲ್ಲ. ಹೆಂಗಸರು ತಾವೇ ಸಾಲಾಗಿ ನಿಂತು ನೀರು ತುಂಬಿಕೊಳ್ಳುತ್ತಿದ್ದರು. ಬಸ್ಸಿನ ಹೊತ್ತಾಯಿತು.

ಹುಬ್ಬಳ್ಳಿಯ ಬಸ್ಸು ಗಾಯರಾಣದ ಬದಿಯಿಂದಲೇ ಹೋಗುತ್ತದೆ. ನಾನು ಆ ಬದಿಯ ಕಿಟಕಿಯಲ್ಲೇ ಕುಳಿತಿದ್ದೆ. ಅಲ್ಲಿ, ನಾನು ಕೊರೆದ ಜಾಗಗಳನ್ನೆಲ್ಲ ದಾಟಿ, ಬಯಲಿನ ತೀರ ಆ ತುದಿಯಲ್ಲಿ ಈರಪ್ಪಜ್ಜ ಕಂಡ. ಬಗ್ಗಿ ಕೋಲಿನಿಂದ ನೆಲ ಚುಚ್ಚುತ್ತಿದ್ದ. ಎರಡು ಹೆಜ್ಜೆ ನಡೆದು ಮತ್ತೆ ಚುಚ್ಚುತ್ತಿದ್ದ. ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದೆ. ಅವನು ತಲೆ ಎತ್ತಲಿಲ್ಲ.

ಪಕ್ಕದಲ್ಲಿ ಕುಳಿತ ಹತ್ತಿ ವ್ಯಾಪಾರಿಯೂ ಅವನನ್ನು ನೋಡಿದ. "ಆ ಮುದಕಾ ಏನ ಕಳಕೊಂಡಾನ್ರಿ ಪಾಪ, ಬಿಸಲಾಗ ಹುಡಕಾಕತ್ತಾನಲ್ಲ?"

"ಏನೂ ಕಳಕೊಂಡಿಲ್ರಿ," ಎಂದೆ. "ಕೆರಿಗಿ ಜಾಗಾ ನೋಡಾಕತ್ತಾನ."